ಎಲ್ಲಿಗೆ ಎಂದು ಕೇಳಬಾರದು

ಪ್ರೇಕ್ಷಾಳ ಬಾಯಿಂದ ಮಾತು ಜಾರಿಯೇ ಹೋಯಿತು. "ಪಪ್ಪಾ, ಎಲ್ಲಿಗೆ ಹೊಂಟೆ?"

ಹೆಗಲ ಮೇಲೆ ಬಲೆ ಹೊತ್ತು, ಹೊಸ್ತಿಲಾಚೆ ಒಂದು ಕಾಲಿಟ್ಟಿದ್ದ ಮಂಗೇಶ ಅಲ್ಲೇ ನಿಂತ. ಒಳಗೆ ಅಜ್ಜಿ ಹಣೆ ಚಚ್ಚಿಕೊಂಡಳು.

ಬಲೆ ಹೊತ್ತವನು ಎಲ್ಲಿಗೆ ಹೋಗುತ್ತಾನೆ ಎಂಬುದು ದೇವಬಾಗದ ನಾಯಿಗಳಿಗೂ ಗೊತ್ತು. ಆದರೂ ಕಡಲಿಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಕೆಲಸ ಕೆಡುತ್ತದೆ. ಅದು ಆ ಮನೆಯ ಕಾನೂನು. ಯಾರಾದರೂ ಕೇಳಿಬಿಟ್ಟರೆ ಒಳಗೆ ಬಂದು, ಮಣೆಯ ಮೇಲೆ ಕೂತು, ಒಂದು ಚೊಂಬು ನೀರು ಕುಡಿದೇ ಮತ್ತೆ ಹೊರಡಬೇಕು.

ಮಂಗೇಶ ಬಲೆ ಇಳಿಸಿದ, ಕೂತ, ಕುಡಿದ, ಎದ್ದ.

ಅಂಗಳಕ್ಕೆ ಇಳಿದನೋ ಇಲ್ಲವೋ, ಹಟ್ಟಿಕೇರಿಯಿಂದ ಬಂದಿದ್ದ ಮಾಬ್ಲೇಶ್ವರ ಮಾಮ, ಅಂದರೆ ಪ್ರೇಕ್ಷಾಳ ಅಮ್ಮನ ಅಣ್ಣ, ಬಾಯಿ ತುಂಬ ಪೇಸ್ಟಿನ ನೊರೆ ಇಟ್ಟುಕೊಂಡೇ ಅದನ್ನೇ ಕೇಳಿದ. ಇನ್ನೊಂದು ಚೊಂಬು. ಗೇಟಿನ ಹತ್ತಿರ ಪಕ್ಕದ ಮನೆಯ ಕಾಮಿ ಅಕ್ಕ ಕೇಳಿದಳು. ಮತ್ತೊಂದು ಚೊಂಬು. ಇಷ್ಟು ನೀರು ಹೊಟ್ಟೆಗೆ ಬಿದ್ದ ಮೇಲೆ ಮನುಷ್ಯ ಸುಮ್ಮನಿರಲು ಆಗುತ್ತದೆಯೇ? ಮಂಗೇಶ ಹಿತ್ತಿಲ ಕಡೆ ಓಡಿದ. ಅಷ್ಟು ಅವಸರದಲ್ಲಿ ಎಲ್ಲಿಗೆ ಎಂದು ಮಾಮ ಮತ್ತೆ ಕೇಳಿದ. ಇದಕ್ಕೂ ನೀರು ಕುಡಿಯಬೇಕೋ ಬೇಡವೋ ಅಜ್ಜಿಗೂ ಗೊತ್ತಾಗಲಿಲ್ಲ. ಇರಲಿ ಎಂದು ಕುಡಿಸಿದಳು.

ಅಂತೂ ದಡಕ್ಕೆ ಹೋದಾಗ ಸಮುದ್ರ ಇಳಿದಿತ್ತು, ದೋಣಿ ಮರಳಿನಲ್ಲಿ ಕೂತಿತ್ತು. ಅಂದು ಮನೆಗೆ ಒಂದು ಬಂಗಡೆ ಮೀನೂ ಬರಲಿಲ್ಲ. ಕೇಳಿದ್ದಕ್ಕೇ ಹೀಗಾಯಿತು ಎಂದಳು ಅಜ್ಜಿ. "ಇನ್ನೊಂದು ಸಲ ಕೇಳಿದ್ರೆ ಭಾನುವಾರ ನೀನು ದೋಣಿ ಹತ್ತೋದಿಲ್ಲ, ನೋಡು."

ಪ್ರೇಕ್ಷಾಗೆ ಅಳು ಬಂತು. ಐದನೇ ಕ್ಲಾಸಿಗೆ ಬಂದ ಮೇಲೆ ಒಂದು ಭಾನುವಾರ ದೋಣಿಯಲ್ಲಿ ಕೂರ್ಮಗಡ ದ್ವೀಪದ ಹತ್ತಿರದವರೆಗೆ ಕರೆದುಕೊಂಡು ಹೋಗುತ್ತೇನೆಂದು ಪಪ್ಪ ಮಾತು ಕೊಟ್ಟಿದ್ದ. ಆ ಭಾನುವಾರ ಈಗ ಹತ್ತಿರ ಬಂದಿತ್ತು.

ಮಾಮ ಸಮಾಧಾನ ಮಾಡಲು ಹೋಗಿ ವಿಜ್ಞಾನ ಹೇಳಿದ. ಎಲ್ಲಿಗೆ ಎಂದು ಕೇಳಿದರೆ ಮೆದುಳಿನ ಸಿಗ್ನಲ್ ರಿವರ್ಸ್ ಆಗುತ್ತದಂತೆ, ನೀರು ಕುಡಿದರೆ ಕೂಲ್ ಆಗುತ್ತದಂತೆ. ವಾಟ್ಸಾಪಿನಲ್ಲಿ ಬಂದಿತ್ತಂತೆ.

ಮರುದಿನ ಪ್ರೇಕ್ಷಾ ಶಾಲೆಯಲ್ಲಿ ಸುಮಲತಾ ಟೀಚರಿಗೆ ಎಲ್ಲವನ್ನೂ ಹೇಳಿದಳು. ಟೀಚರ್ ನಗು ತಡೆದುಕೊಂಡು, ಚಂದ್ರನ ಸೆಳೆತಕ್ಕೆ ಸಮುದ್ರದ ನೀರು ಏರಿ ಇಳಿಯುವುದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ಪ್ರೇಕ್ಷಾ ದಾರಿಯುದ್ದಕ್ಕೂ ಯೋಚಿಸಿ, ಮನೆಗೆ ಓಡಿ ಬಂದಳು.

"ಅಜ್ಜಿ, ಕೇಳಿದ್ದಕ್ಕೆ ಕೆಲಸ ಕೆಟ್ಟದ್ದಲ್ಲ. ನೀರು ಕುಡೀತಾ ಕೂತು ಲೇಟ್ ಆಯ್ತು. ಅಷ್ಟರಲ್ಲಿ ಇಳಿತ ಬಂತು."

ಅಜ್ಜಿ ಕಾಯಿ ತುರಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಹೌದು. ಆದ್ರೆ ಕೇಳದಿದ್ರೆ ಅವ ನೀರು ಯಾಕೆ ಕುಡೀತಿದ್ದ?"

ಅಜ್ಜಿ ಮತ್ತೆ ಕಾಯಿ ತುರಿಯತೊಡಗಿದಳು.

ಭಾನುವಾರ ಬೆಳಿಗ್ಗೆ ಮನೆಯಲ್ಲಿ ಬಂದೋಬಸ್ತು ಜೋರಾಗಿತ್ತು. ಕಾಮಿ ಅಕ್ಕನಿಗೆ ಹೊರಗೆ ಬರದಂತೆ ಹೇಳಿಯಾಗಿತ್ತು. ಮಾಮನ ಬಾಯಿಗೆ ದೊಡ್ಡ ತೆಂಗಿನ ಹೋಳು ತುರುಕಿಯಾಗಿತ್ತು. ಪ್ರೇಕ್ಷಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡೇ ದಡದವರೆಗೆ ನಡೆದು, ಹಾಗೆಯೇ ದೋಣಿ ಹತ್ತಿದಳು. ಕಳಿಸಿಕೊಡಲು ಅಜ್ಜಿ, ಮಾಮ ಇಬ್ಬರೂ ದಡಕ್ಕೆ ಬಂದಿದ್ದರು. ಪಪ್ಪ ನೂಕಲೆಂದು ದೋಣಿಗೆ ಕೈ ಕೊಟ್ಟ.

"ಮಂಗೇಶಾ, ಹುಡುಗೀನ ಎಲ್ಲಿವರೆಗೆ ಕರ್ಕೊಂಡು ಹೋಗ್ತೆ?"

ಕೇಳಿದವಳು ಅಜ್ಜಿ.

ಕೇಳಿದ ಕೂಡಲೇ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಮ ತೆಂಗಿನ ಹೋಳು ಅಗಿಯುವುದನ್ನು ನಿಲ್ಲಿಸಿದ. ಪಪ್ಪ ದೋಣಿಯಿಂದ ಕೈ ತೆಗೆದು ಮನೆಯ ಕಡೆ ನೋಡಿದ. ದೋಣಿಯ ಅಡಿಯಲ್ಲಿ ನೀರು ಆಗಲೇ ಕಮ್ಮಿಯಾಗುತ್ತಿತ್ತು.

ಸೆರಗಿನ ಮೇಲೆ ಅಜ್ಜಿಯ ಕಣ್ಣುಗಳಷ್ಟೇ ಕಾಣುತ್ತಿದ್ದವು. ಅವು ಹೆದರಿದ್ದವು. ಪಪ್ಪ ಕಡಲಿಗೆ ಹೊರಟಾಗಲೆಲ್ಲ ಅಜ್ಜಿ ಹೀಗೇ ನೋಡುತ್ತಿದ್ದಳೇ? ದಿನಾ ಕೇಳಬೇಕು ಅನಿಸಿಯೂ ಬಾಯಿ ಕಟ್ಟಿಕೊಂಡಿದ್ದಳೇ? ಇಷ್ಟೆಲ್ಲ ಚೊಂಬು ನೀರು ಖಾಲಿಯಾದರೂ ಕೇಳಿದವರಿಗೆ ಯಾರೂ ಉತ್ತರವನ್ನೇ ಕೊಟ್ಟಿರಲಿಲ್ಲ. ಪ್ರೇಕ್ಷಾಗೆ ಅಜ್ಜಿಯನ್ನು ಕಂಡು ಪಾಪ ಅನಿಸಿತು. ಬಾಯಿಂದ ಕೈ ತೆಗೆದಳು.

"ಕೂರ್ಮಗಡದ ಈಚೆಗೇ ಅಜ್ಜಿ. ಇಲ್ಲಿ ನಿಂತ್ರೆ ಕಾಣ್ತದೆ. ಊಟಕ್ಕೆ ಬರ್ತೇವೆ."

ಅಜ್ಜಿ ನಿಧಾನವಾಗಿ ಸೆರಗು ಇಳಿಸಿದಳು. "ಹಂಗಾದ್ರೆ ಹೋಗಿ ಬನ್ನಿ."

ಪಪ್ಪ ದೋಣಿ ನೂಕಿ ಹತ್ತಿದ. ಬಹಳ ದೂರ ಹೋದ ಮೇಲೆ ತಿರುಗಿ ನೋಡಿದರೆ, ಅಜ್ಜಿ ಇನ್ನೂ ಹಣೆಗೆ ಕೈ ಅಡ್ಡ ಹಿಡಿದು ಮರಳಿನ ಮೇಲೆ ನಿಂತಿದ್ದಳು. ಪ್ರೇಕ್ಷಾ ಅವಳಿಗೆ ಕಾಣುವ ಹಾಗೆ ದೋಣಿಯ ದಡದ ಕಡೆಯ ಬದಿಗೆ ಸರಿದು ಕೂತಳು.