ಮುಗುಮ್ಮಾವತಿಯ ಬಿಕ್ಕಳಿಕೆ

ಬಲು ಹಿಂದೆ, ಹುಲಿಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಮುಗುಮ್ಮಾವತಿ ಎಂಬ ರಾಜ್ಯವಿತ್ತು. ದಿಟ್ಟಸೇನ ರಾಜ, ಕನಕಾಂಬೆ ರಾಣಿ. ಅವರಿಗೆ ಇಬ್ಬರು ಮಕ್ಕಳು: ದೊಡ್ಡವನು ಇಂದುಧರ, ಚಿಕ್ಕವಳು ಸುಗಂಧಿ.

ಇಂದುಧರನಿಗೆ ಊಟ ಸೇರದಾಯಿತು, ನಿದ್ದೆ ಬಾರದಾಯಿತು, ಬೆಳಗಾದರೆ ಭಯ. "ಇದು ಮನಸ್ಸಿನ ಕಾಯಿಲೆ ಪ್ರಭೂ, ಮದ್ದು ಮಾಡಬೇಕು" ಎಂದ, ಹಿತ್ತಿಲ ಬಾಗಿಲಿಂದ ಗುಟ್ಟಾಗಿ ಕರೆಸಿದ್ದ ವೈದ್ಯ. "ನಮ್ಮ ವಂಶದಲ್ಲಿ ಅಂಥದ್ದೆಲ್ಲ ಇಲ್ಲ. ನೆಗಡಿ ಅನ್ನಿ" ಎಂದ ರಾಜ. ನೆಗಡಿಗೆ ಮೆಣಸಿನ ಕಷಾಯ ಮಾಡಿದರು. ಪಾಪ, ಹುಡುಗ ಅದನ್ನೂ ಕುಡಿದ. ಆಮೇಲೊಂದು ದಿನ ತನ್ನ ಜೀವವನ್ನು ತಾನೇ ತೆಗೆದುಕೊಂಡ.

ಮನೆಯವರು ಅಳುವ ಮೊದಲೇ ಹುಶ್ಶಾಸುರ ಎಂಬ ಮಾಂತ್ರಿಕ ತುಟಿಗೆ ಬೆರಳಿಟ್ಟುಕೊಂಡು ಬಂದ. "ಹುಶ್! ಜನ ಏನಂದಾರು? ಅವನ ಹೆಸರನ್ನು ಈ ಗಡಿಗೆಯಲ್ಲಿ ಹಾಕಿ ಬಾಯಿ ಕಟ್ಟಿ ಕೊಡಿ. ಇನ್ನು ಯಾರ ನಾಲಿಗೆಗೂ ಸಿಗದು." ರಾಜ ಕೈಯಾರೆ ಗಂಟು ಹಾಕಿ ಕೊಟ್ಟ.

"ಮಗನನ್ನು ಹುಲಿ ತಿಂತು" ಎಂದ ರಾಜ. "ಕಾಶಿಗೆ ಹೋದ" ಎಂದಳು ರಾಣಿ. "ನಾಗಲೋಕದಲ್ಲಿ ಮದುವೆಯಾದ" ಎಂದ ಮಂತ್ರಿ. ಸುಳ್ಳು ಹೇಳುವ ಮೊದಲು ಮೂವರೂ ಒಮ್ಮೆ ಕೂತು ಮಾತಾಡಿಕೊಳ್ಳಬಾರದಿತ್ತೇ? ಮೂರು ಸುಳ್ಳಿಗೂ ಜೀವ ಬಂತು. ಮೂರೂ ಹೋಗಿ ಮಾಂತ್ರಿಕನ ಗುಡ್ಡಕ್ಕೆ ಕಾವಲು ನಿಂತವು.

ಅಂದಿನಿಂದ ಅರಮನೆಗೆಲ್ಲ ಬಿಕ್ಕಳಿಕೆ ಹಿಡಿಯಿತು. ಬಿಕ್ಕಳಿಕೆ ಬಂದರೆ ಯಾರೋ ನೆನೆಸಿಕೊಳ್ಳುತ್ತಿದ್ದಾರೆ, ಅವರ ಹೆಸರು ಹೇಳಿದರೆ ನಿಲ್ಲುತ್ತದೆ ಎಂಬುದು ನಿಮಗೂ ಗೊತ್ತು. ರಾಣಿ ತವರಿನವರ ಹೆಸರೆಲ್ಲ ಹೇಳಿದಳು, ಕೊನೆಗೆ ಬೆಕ್ಕಿನ ಹೆಸರನ್ನೂ ಹೇಳಿದಳು. ನಿಲ್ಲಲಿಲ್ಲ. ರಾಜ ತೀರ್ಪು ಕೊಡುವಾಗ "ಈ ಕಳ್ಳನಿಗೆ... ಬಿಕ್!" ಎಂದ. ಕಳ್ಳ ಕೈಮುಗಿದು ಕೇಳಿದ, "ಮಹಾಪ್ರಭೂ, ಬಿಕ್ ಅಂದರೆ ಎಷ್ಟು ವರ್ಷ?"

ಇಷ್ಟರಲ್ಲಿ ಸುಗಂಧಿಗೂ ಊಟ ಸೇರದಾಯಿತು. ಅವಳಿಗೂ ಬೆಳಗೆಂದರೆ ಭಯ. ಬಾಯಿ ತೆರೆದರೆ ಸಾಕು, ರಾಜ "ಹುಶ್! ನೆಗಡಿ" ಎನ್ನುತ್ತಿದ್ದ. ಒಲೆಯ ಮೇಲೆ ಮತ್ತೆ ಕಷಾಯ ಕುದಿಯಿತು. ಅಣ್ಣನಿಗಾದದ್ದೇ ತನಗೂ ಆದೀತೆಂದು ಅವಳು ಹೆದರಿದಳು. ಕಷಾಯವನ್ನು ಬಾಳೆಯ ಬುಡಕ್ಕೆ ಸುರಿದು, ಆ ಗಡಿಗೆ ತರಲು ಗುಡ್ಡಕ್ಕೆ ಹೊರಟಳು.

ಗುಡ್ಡದ ಬುಡದಲ್ಲಿ ಹುಲಿ ಅಡ್ಡ ಬಂತು. "ನಿನ್ನ ಅಣ್ಣನ್ನ ತಿಂದಿದ್ದು ನಾನಂತೆ. ನನಗಂತೂ ರುಚಿ ನೆನಪಿಲ್ಲಮ್ಮ!"

"ನೀನು ತಿಂದಿಲ್ಲ ಹುಲಿಯಪ್ಪ. ಅದು ಸುಳ್ಳು."

"ಅಬ್ಬ! ಅಜೀರ್ಣ ಆದೀತು ಅಂತ ಇಷ್ಟು ದಿನ ಸುಮ್ಮನೆ ಉಪವಾಸ ಇದ್ದೆ" ಎಂದು ಹುಲಿ ಮಾಯವಾಯಿತು.

ನಡುದಾರಿಯಲ್ಲಿ ಕೊರಳಿಗೆ ತಂಬಿಗೆ ಕಟ್ಟಿಕೊಂಡ ಕಾಶಿಯ ಎತ್ತು ನಿಂತಿತ್ತು. "ನಿನ್ನ ಅಣ್ಣನ್ನ ವಾಪಸ್ ಕರ್ಕೊಂಡು ಬರೋಕೆ ಕಾಯ್ತಿದ್ದೀನಿ. ಯಾವಾಗ ಬರ್ತಾನೆ?"

ಸುಗಂಧಿ ಎತ್ತಿನ ಕೊರಳು ಸವರಿದಳು. "ಬರಲ್ಲ" ಎಂದಳು. ಎತ್ತು ಅವಳ ಕೈ ನೆಕ್ಕಿ ಮಾಯವಾಯಿತು.

ತುದಿಯಲ್ಲಿ ಮುದಿ ನಾಗಿಣಿ ಹೆಡೆಯೆತ್ತಿದಳು. "ಎಲ್ಲಿ ನಮ್ಮ ಅಳಿಯಂದಿರು? ಮದುವೆ ಪಾಯಸ ಹಳಸಿಹೋಯ್ತು!"

"ಮದುವೆ ಆಗಿಲ್ಲ ಅಜ್ಜಿ. ಅಣ್ಣನ ಮನಸ್ಸಿಗೆ ಕಾಯಿಲೆ ಬಂದಿತ್ತು. ತಾನೇ ಜೀವ ಕಳ್ಕೊಂಡ."

ನಾಗಿಣಿ ಹೆಡೆ ಇಳಿಸಿದಳು. "ಅಯ್ಯೋ ಕಂದಾ, ಮೊದಲೇ ಹೇಳಬಾರದಿತ್ತಾ? ನಾನೂ ಎರಡು ಹನಿ ಅಳ್ತಿದ್ದೆ" ಎಂದು ಮಾಯವಾದಳು.

ಗವಿಯ ಬಾಗಿಲಲ್ಲಿ ಮಾಂತ್ರಿಕ "ಹುಶ್!" ಎಂದ. "ನಿಮ್ಮ ಹುಶ್ ಕಾಗೆ ಓಡಿಸೋಕೆ ಇಟ್ಕೊಳ್ಳಿ" ಎಂದು ಸುಗಂಧಿ ಗಡಿಗೆ ಎತ್ತಿಕೊಂಡಳು. ಮಾಂತ್ರಿಕ ನಕ್ಕ. "ಗಂಟು ಹಾಕಿದವನೇ ಬಿಚ್ಚಬೇಕು. ನಿಮ್ಮಪ್ಪ ಬಿಚ್ಚಿದ ಹಾಗೇ ಇದೆ!" ತಮಾಷೆ ನೋಡಲು ಅವಳ ಹಿಂದೆಯೇ ಬಂದ.

ತುಂಬಿದ ಸಭೆಯಲ್ಲಿ ಸುಗಂಧಿ ಅಪ್ಪನ ತೊಡೆಯ ಮೇಲೆ ಗಡಿಗೆ ಇಟ್ಟಳು.

"ಹುಶ್! ನೆಗ... ಬಿಕ್!" ಎಂದ ರಾಜ.

"ನೆಗಡಿ ಅಲ್ಲ ಅಪ್ಪಾಜಿ. ಅಣ್ಣನಿಗೆ ಬಂದಿದ್ದೇ ನನಗೂ ಬಂದಿದೆ. ಒಂದೊಂದು ಸಲ ಸಾಯಬೇಕು ಅನ್ನಿಸುತ್ತೆ. ಆದ್ರೆ ನನಗೆ ಬದುಕೋ ಆಸೆ ಇದೆ. ಅವನ ಹೆಸರೇ ಎತ್ತಬಾರದು ಅಂದ್ರೆ ನನ್ನ ಕಷ್ಟ ಯಾರ ಹತ್ರ ಹೇಳ್ಲಿ?"

ರಾಜ ಜನರನ್ನು ನೋಡಿದ. ಮಗಳನ್ನು ನೋಡಿದ. ಗಂಟು ಬಿಚ್ಚಿದ.

"ಇಂದುಧರ" ಎಂದ. "ನನ್ನ ಮಗ ಇಂದುಧರ."

ಗಡಿಗೆ ಒಡೆಯಿತು, ಬಿಕ್ಕಳಿಕೆ ನಿಂತಿತು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಅಳು ಹೊರಗೆ ಬಂತು. ರಾಜ ಬಿಕ್ಕಿ ಬಿಕ್ಕಿ ಅತ್ತ. ರಾಣಿ ಅತ್ತಳು. ಮಂತ್ರಿ ಎಷ್ಟು ಅತ್ತನೆಂದರೆ ಆ ಕಳ್ಳನೇ ಅವನ ಶಾಲಿನಿಂದ ಅವನ ಮೂಗು ಒರೆಸಿದ, ಶಾಲು ವಾಪಸ್ಸೂ ಕೊಟ್ಟ. ಜನ ಏನಂದಾರು ಎಂದು ರಾಜ ಹೆದರಿದ್ದನಲ್ಲ, ಹಿಂದಿನ ಸಾಲಿನಿಂದ ಒಬ್ಬ ಹೂವಾಡಗಿತ್ತಿ ಅಂದಳು, "ನಮ್ಮ ತಮ್ಮನೂ ಹಾಗೇ ಹೋದ ಬುದ್ಧೀ. ಇವತ್ತಿನವರೆಗೂ ಯಾರಿಗೂ ಹೇಳಿರಲಿಲ್ಲ."

ಮಾತು ಹೆಚ್ಚಿದಂತೆ ಹುಶ್ಶಾಸುರ ಕುಗ್ಗಿ ಕುಗ್ಗಿ ಒಂದು "ಶ್" ಮಾತ್ರವಾಗಿ ಉಳಿದ. ಈಗಲೂ ಒಲೆಯಲ್ಲಿ ಹಸಿ ಸೌದೆ ಶ್ ಎನ್ನುವುದು ಅವನೇ.

ವೈದ್ಯ ಈ ಸಲ ಹೆಬ್ಬಾಗಿಲಿಂದಲೇ ಬಂದ. "ನಾನು ಅವನಿಗೆ ಕಷಾಯ ಕುಡಿಸಿದೆನಲ್ಲಯ್ಯ" ಎಂದು ರಾಜ ಹಣೆ ಚಚ್ಚಿಕೊಂಡ. "ಅವನನ್ನು ಕಾಯಿಲೆ ಕೊಂಡುಹೋಯಿತು ಪ್ರಭೂ. ಈಗ ಮಗಳ ಹತ್ತಿರ ಕೂತು ಅವಳ ಮಾತು ಕೇಳಿ" ಎಂದ ವೈದ್ಯ. ರಾಜ ಕೂತ. ಸುಗಂಧಿಯ ಕತ್ತಲು ಒಂದೇ ದಿನಕ್ಕೆ ಹೋಗಲಿಲ್ಲ; ಮದ್ದಿಗೂ ಮಾತಿಗೂ ನಿಧಾನವಾಗಿ ಬಗ್ಗಿತು.

ಎಲ್ಲರೂ ಸುಖವಾಗಿದ್ದರು. ಸುಖವಾಗಿಲ್ಲದ ದಿನ ಹಾಗಂತ ಹೇಳುತ್ತಿದ್ದರು. ರಾಜನಿಗೆ ಊಟದ ನಡುವೆ ಆಗೀಗ ಒಂದು ಬಿಕ್ಕಳಿಕೆ ಬರುತ್ತಿತ್ತು. "ನಮ್ಮ ಇಂದುಧರ ನೆನೆಸ್ಕೋತಿದ್ದಾನೆ" ಎನ್ನುತ್ತಿದ್ದ. ತಕ್ಷಣ ನಿಲ್ಲುತ್ತಿತ್ತು.