ಇಳಿಯಲೇ ಎಂದು ಕೇಳದವಳು

ಬಹಳ ಬಹಳ ಹಿಂದೆ, ಸಮುದ್ರದ ದಂಡೆಯ ಮೇಲೆ ಕಡಲತಡಿ ಎಂಬ ರಾಜ್ಯವಿತ್ತು. ಅದರ ರಾಜನ ಹೆಸರು ಧೀರಸಿಂಹ. ಹೆಸರಿಟ್ಟದ್ದು ಅವನ ಅಪ್ಪ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ.

ದಂಡೆಯಲ್ಲಿ ನಿಂತರೆ ಕಾಣುವಷ್ಟು ದೂರದಲ್ಲಿ ಮೂರು ಪುಟ್ಟ ದ್ವೀಪಗಳಿದ್ದವು. ಜನ ಅವನ್ನು ಕುದುರು ಎನ್ನುತ್ತಿದ್ದರು. ಮಳೆಗಾಲ ಮುಗಿದು ಕಡಲು ತಣ್ಣಗಾದ ಮೇಲೆ ಊರಿನವರೆಲ್ಲ ಹಳೆಯ ಹಾಯಿಬಟ್ಟೆ, ಅಕ್ಕಿ, ಮಡಕೆಗಳನ್ನು ದೋಣಿಗೆ ಹೇರಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಡೇರೆ ಹಾಕಿ ಕೆಲವು ದಿನ ಇದ್ದು ಬರುತ್ತಿದ್ದರು. ದೋಣಿ ದಡ ಮುಟ್ಟುವ ಮೊದಲು ಹಿರಿಯರೊಬ್ಬರು ಎದ್ದು ನಿಂತು ಕುದುರಿನ ಕಡೆಗೆ, "ಇಳಿಯಲೇ?" ಎಂದು ಕೂಗುವುದು ಅವರ ಪದ್ಧತಿ. ಉತ್ತರಿಸಲು ಅಲ್ಲಿ ಯಾರೂ ಇರಲಿಲ್ಲ. ಒಂದು ಅಲೆ ಬಂಡೆಗೆ ಬಡಿದರೆ ಅದೇ ಒಪ್ಪಿಗೆ. ಅಲೆ ಬಡಿಯದ ದಿನ ಸಮುದ್ರದಲ್ಲಿ ಇಲ್ಲವಾದ್ದರಿಂದ ಈ ಪದ್ಧತಿಯಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ಒಂದು ವರ್ಷ ಉತ್ತರ ಬಂತು.

"ಬೇಡ!"

ಊರಿನವರು ಮರ್ಯಾದಸ್ಥರು. ದೋಣಿ ತಿರುಗಿಸಿಕೊಂಡು ಮನೆಗೆ ಬಂದರು.

ಬೇಡ ಎಂದವನು ಘೋರಕಂಠನೆಂಬ ಮಾಂತ್ರಿಕ. ಅವನು ಎಲ್ಲಿಂದ ಬಂದ, ಅವನನ್ನು ಯಾರು ಕರೆದರು ಎಂದು ಒಬ್ಬರೂ ವಿಚಾರಿಸಲಿಲ್ಲ. ಕ್ರಮೇಣ ಕುದುರುಗಳಲ್ಲಿ ಭಾರೀ ಪ್ರಾಣಿಗಳು ಕಾಣಿಸಿಕೊಂಡವು. ಕೇಳಿ, ಬೇಡ ಎನಿಸಿಕೊಂಡು, ಆಮೇಲೂ ಇಳಿದವರು ನೀರುಕಾಗೆಗಳಾದರು. ರಾಜ ಡಂಗುರ ಹೊಡೆಸಿದ: ಕುದುರುಗಳು ಇನ್ನು ಮುಂದೆ ಮಾಂತ್ರಿಕನವು. ಒಂದು ಬಾಣವೂ ಹಾರದೆ ಮೂರು ದ್ವೀಪಗಳು ಕೈಬಿಟ್ಟು ಹೋದವು. ಆ ವಿಜಯಕ್ಕಾಗಿ ಅರಮನೆಯಲ್ಲಿ ಪಾಯಸದ ಊಟವೂ ಆಯಿತು. ಗೆದ್ದವರು ಯಾರೆಂದು ಅಲ್ಲಿಯೂ ಯಾರೂ ಕೇಳಲಿಲ್ಲ.

ಆ ಊರಿನಲ್ಲಿ ಮಂಕಾಳಿ ಎಂಬ ಹುಡುಗಿ ಬಲೆ ನೇಯ್ದು ಬದುಕುತ್ತಿದ್ದಳು. ಜಟ್ಟು ಎಂಬ ಅವಳ ತಮ್ಮ ಮಾತಾಡಿ ಬದುಕುತ್ತಿದ್ದ. ನಿದ್ದೆಯಲ್ಲೂ ಅವನ ಬಾಯಿ ನಿಲ್ಲುತ್ತಿರಲಿಲ್ಲ. ಡಂಗುರವಾಗಿದ್ದರೂ ಮುಂದಿನ ವರ್ಷ ಇಬ್ಬರೂ ಕುದುರಿಗೆ ಹೋಗಿ ಡೇರೆ ಹಾಕಿ ಇರುವುದೆಂದು ನಿಶ್ಚಯಿಸಿದರು.

"ಮುರುಗಲು ಹಣ್ಣಿನ ಸಿಪ್ಪೆ ತಗೊ. ಚಾಪೆ ಬೇಡ, ಮರಳು ಉಂಟಲ್ಲ," ಎಂದ ಜಟ್ಟು.

"ಮರಳಲ್ಲಿ ನೀನು ಮಲಗು. ನನಗೆ ಚಾಪೆ ಬೇಕು."

"ರಾಣಿಯಮ್ಮನಿಗೆ ಹಾಸಿಗೆಯೂ ಬೇಕಾ?"

"ಬೇಕು. ಹೊತ್ತುಕೊಂಡು ಬರಲಿಕ್ಕೆ ಆಳು ನೀನಿದ್ದೀಯಲ್ಲ."

ಡೇರೆಗೆ ಜಾಗ ನೋಡಿ ಬರುತ್ತೇನೆಂದು ಜಟ್ಟು ಮುಂಚಿತವಾಗಿ ಒಬ್ಬನೇ ಹೋದ. ಪದ್ಧತಿಯಂತೆ ಕೇಳಿದ. ಬೇಡ ಎಂಬ ಉತ್ತರ ಬಂತು. "ಹಾಗಂದರೆ ಹೇಗೆ ಮಾರಾಯ," ಎನ್ನುತ್ತ ಇಳಿದೇಬಿಟ್ಟ. ಸಂಜೆಗೆ ಮನೆಯ ಮಾಡಿನ ಮೇಲೆ ಒಂದು ನೀರುಕಾಗೆ ಬಂದು ಕುಳಿತಿತು.

"ಗಾಬರಿಯಾಗಬೇಡ ಅಕ್ಕ. ಮೂಗು ಸ್ವಲ್ಪ ಉದ್ದವಾಗಿದೆ, ಅಷ್ಟೇ," ಎಂದಿತು ಅದು.

ಮರುದಿನ ಬೆಳಿಗ್ಗೆ ಅದಕ್ಕೆ ಅನ್ನ ಎಂಬ ಮಾತು ನೆನಪಾಗಲಿಲ್ಲ. ಅದರ ಮರುದಿನ ಬಲೆ, ಬಾಗಿಲು, ಬೆಲ್ಲ ಹೋದವು. ನೀರುಕಾಗೆಯಾದವರು ದಿನದಿನವೂ ಮಾತು ಮರೆಯುತ್ತಾರೆ. ಕೊನೆಯ ಮಾತೂ ಹೋದರೆ ಮತ್ತೆ ಮನುಷ್ಯರಾಗುವುದಿಲ್ಲ. ಇದು ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದರು.

ಮಂಕಾಳಿ ಅರಮನೆಗೆ ಹೋದಳು.

"ಅಲ್ಲಿಗೆ ಹೋಗುವ ಅಗತ್ಯವಾದರೂ ಏನಿತ್ತು?" ಎಂದು ಕೇಳಿದ ರಾಜ.

"ನಮ್ಮ ಕುದುರು ಮಹಾಪ್ರಭು. ನನ್ನ ಅಜ್ಜಿ ಅಲ್ಲಿ ಗಂಜಿ ಬೇಯಿಸಿದ್ದಾಳೆ."

"ಅಜ್ಜಿಯ ಗಂಜಿ ರಾಜ್ಯದ ವಿಷಯವಲ್ಲ," ಎಂದ ಮಂತ್ರಿ. "ಮಾಂತ್ರಿಕರನ್ನು ವಿನಯದಿಂದ ಕೇಳಿಕೊ."

ಅವಳು ಹಲ್ಲು ಕಚ್ಚಿಕೊಂಡು ಬಂದಳು. ಡೇರೆಯ ಬಟ್ಟೆ, ಅಕ್ಕಿ, ಮಡಕೆ, ಮುರುಗಲಿನ ಸಿಪ್ಪೆ, ಚಾಪೆ ಎಲ್ಲವನ್ನೂ ದೋಣಿಗೆ ಹಾಕಿದಳು. ನೀರುಕಾಗೆ ಹುಟ್ಟಿನ ಪಕ್ಕದಲ್ಲಿ ಕುಳಿತಿತು. ಮೊದಲನೆಯ ಕುದುರಿನ ಎದುರು ನಿಂತು ವಿನಯದಿಂದ ಕೇಳಿದಳು: "ಇಳಿಯಲೇ?"

ಬಂಡೆಯ ಮೇಲೆ ಘೋರಕಂಠ ಕಾಣಿಸಿಕೊಂಡ. "ಬೇಡ! ಆದರೆ ನಾನು ದಯಾಳು. ಮೂರು ಕುದುರಿನಲ್ಲಿ ಮೂರು ಕೆಲಸ ಮಾಡು. ನಿನ್ನ ತಮ್ಮ ಮನುಷ್ಯನಾಗುತ್ತಾನೆ. ಇಲ್ಲೊಂದು ಏಡಿ ನನ್ನ ಶಾಲನ್ನು ಕಚ್ಚಿ ಹಿಡಿದಿದೆ. ಬಿಡಿಸಿ, ಒಗೆದು ಕೊಡು. ಕೆಲಸಕ್ಕಾದರೆ ಇಳಿ."

ಏಡಿ ಮನೆಯಷ್ಟು ದೊಡ್ಡದಿತ್ತು. ಮಂಕಾಳಿ ಡೇರೆಯ ಬಟ್ಟೆಯನ್ನು ಅದರ ಕಣ್ಣಿಗೆ ಎಸೆದಳು. ಅದನ್ನು ಕಿತ್ತುಕೊಳ್ಳಲು ಏಡಿ ಕೊಂಡಿ ತೆರೆಯಿತು, ಶಾಲು ಬಿತ್ತು. ಎರಡನ್ನೂ ಎಳೆದುಕೊಂಡಳು, ಶಾಲನ್ನು ಒಗೆದು ಕೊಟ್ಟಳು.

"ಕೊಳೆ ಪೂರ್ತಿ ಹೋಗಿಲ್ಲ," ಎಂದ ಮಾಂತ್ರಿಕ.

ಎರಡನೆಯ ಕುದುರಿನ ಎದುರು ಅವಳು ಮತ್ತೆ ಕೇಳಿದಳು: "ಇಳಿಯಲೇ?"

"ಕೆಲಸಕ್ಕಾದರೆ ಇಳಿ. ಇಲ್ಲೊಂದು ಹಂದಿ ಬೆಂಕಿ ಉಸಿರಾಡುತ್ತದೆ. ಆ ಬೆಂಕಿಯಲ್ಲಿ ಅನ್ನ ಬೇಯಿಸಿ ಕೊಡು."

ಹಂದಿ ಆನೆಯಷ್ಟಿತ್ತು. ಮಂಕಾಳಿ ಅಕ್ಕಿ, ನೀರು ಹಾಕಿದ ಮಡಕೆಯನ್ನು ಮುಂದಿಟ್ಟು ಮುರುಗಲಿನ ಸಿಪ್ಪೆಯನ್ನು ಅದರ ಮೂತಿಗೆ ಹಿಡಿದಳು. ಹುಳಿಗೆ ಹಂದಿ ಸೀನಿತು. ಸೀನಿದ್ದಕ್ಕೆ ಅನ್ನ ಕುದಿಯಿತು. ಘೋರಕಂಠ ಒಂದಗುಳೂ ಉಳಿಸದೆ ತಿಂದ.

"ಉಪ್ಪು ಕಡಿಮೆ," ಎಂದ.

ಅಷ್ಟು ಹೊತ್ತಿಗೆ ನೀರುಕಾಗೆಯ ಬಾಯಲ್ಲಿ ಅಕ್ಕ ಎಂಬ ಮಾತೂ ಇರಲಿಲ್ಲ. ಉಳಿದಿದ್ದು ಒಂದೇ ಮಾತು. ಅದನ್ನೇ ಅದು ತಿರುತಿರುಗಿ ಹೇಳುತ್ತಿತ್ತು: "ಇಳಿಯಲೇ? ಇಳಿಯಲೇ?"

"ಮೂರನೆಯದರಲ್ಲಿ ಸಿಹಿನೀರಿನ ಒರತೆ ಇದೆ. ಸರ್ಪ ಕಾಯುತ್ತದೆ," ಎಂದ ಮಾಂತ್ರಿಕ ಹಲ್ಲಿನ ಸಂದಿಯಿಂದ ಅನ್ನ ತೆಗೆಯುತ್ತ. "ಕೊಡ ತುಂಬಿಸಿ ತಾ. ಕೈತೊಳೆಯಬೇಕು."

ಮಂಕಾಳಿ ಹುಟ್ಟು ಹಾಕಿದಳು. ಹಾಕುತ್ತ ಹಾಕುತ್ತ ಅವಳ ಕಿವಿ ಬಿಸಿಯಾಯಿತು. ಬಟ್ಟೆ ಒಗೆದದ್ದಾಯಿತು, ಅಡುಗೆ ಆಯಿತು, ಈಗ ನೀರು. ಇವನಿಗೆ ಬೇಕಾದದ್ದು ವೀರರಲ್ಲ, ಮನೆಗೆಲಸದವಳು. ಇದಕ್ಕೆ ಪರೀಕ್ಷೆ ಎಂಬ ಹೆಸರು ಬೇರೆ. ನನ್ನ ತಮ್ಮ ಅಕ್ಕ ಎನ್ನುವುದನ್ನು ಮರೆಯುತ್ತಿದ್ದಾಗ ನಾನು ಈ ಮನುಷ್ಯನಿಗೆ ಅನ್ನ ಬಡಿಸುತ್ತಿದ್ದೆ!

ಆ ಸಿಟ್ಟಿನಲ್ಲಿ ಅವಳು ಕೇಳುವುದನ್ನೇ ಮರೆತಳು. ದೋಣಿಯನ್ನು ಮರಳಿಗೆ ನುಗ್ಗಿಸಿ ಕೆಳಗೆ ಹಾರಿದಳು. ನಾಲ್ಕು ಹೆಜ್ಜೆ ನಡೆದ ಮೇಲೆ ನೆನಪಾಯಿತು. ಕೈ ನೋಡಿಕೊಂಡಳು. ಕೈಯಾಗಿಯೇ ಇತ್ತು.

ಎದುರಿಗೆ ತಾಳೆಮರದಷ್ಟು ಎತ್ತರದ ಸರ್ಪ ಹೆಡೆ ಎತ್ತಿ ನಿಂತಿತ್ತು.

"ನೀನು ಕೇಳಲಿಲ್ಲ," ಎಂದಿತು.

"ಇಲ್ಲ. ಏನೀಗ?"

"ಬೇಡ ಅಂದವರು ಯಾರು?"

"ಯಾರೂ ಇಲ್ಲ. ಕೇಳಿದ್ದರೆ ತಾನೆ?"

ಸರ್ಪ ದೊಡ್ಡ ನಿಟ್ಟುಸಿರು ಬಿಟ್ಟಿತು. ಬಿಡುತ್ತ ಬಿಡುತ್ತ ಕುಗ್ಗಿ, ಬೆರಳಿನಷ್ಟು ದಪ್ಪದ ನೀರುಹಾವಾಯಿತು. "ಅಬ್ಬ! ಬೆನ್ನು ಹಗುರವಾಯಿತು. ಅವನು ಇಲ್ಲಿಗೆ ಬಂದಾಗ ಅವನಲ್ಲಿ ಮಂತ್ರ ಇರಲಿಲ್ಲ ತಾಯಿ, ನೆಗಡಿ ಇತ್ತು. ಬಂಡೆಯ ಹಿಂದೆ ಮಲಗಿದ್ದ. ಗದ್ದಲ ಆಗುತ್ತದೆ ಅಂತ ಬೇಡ ಅಂದ. ಮೊದಲ ದೋಣಿ ತಿರುಗಿದಾಗ ಅವನಿಗೇ ಆಶ್ಚರ್ಯ. ಎರಡನೆಯದು ತಿರುಗಿದಾಗ ಅಭ್ಯಾಸ. ಕೇಳಿ ಕೇಳಿ ನೀವೇ ಅವನಿಗೆ ಮಂತ್ರ ಕೊಟ್ಟಿರಿ. ಒಂದೊಂದು ದೋಣಿ ತಿರುಗಿದಾಗಲೂ ನಾವೆಲ್ಲ ಇಷ್ಟಿಷ್ಟು ಬೆಳೆದೆವು."

ಅಷ್ಟರಲ್ಲಿ ಘೋರಕಂಠ ನೀರಿನ ಮೇಲೆ ನಡೆಯುತ್ತ ಬಂದ. "ಬೇಡ! ಬೇಡ! ಬೇಡ!"

"ಯಾರಿಗೆ ಹೇಳುತ್ತಿದ್ದೀಯ?" ಎಂದು ಕೇಳಿದಳು ಮಂಕಾಳಿ. "ನಾನು ನಿನ್ನನ್ನು ಏನೂ ಕೇಳಲಿಲ್ಲವಲ್ಲ." ಅವನಿಗೆ ಬೆನ್ನು ಹಾಕಿ ಡೇರೆಯ ಗೂಟ ಹೊಡೆಯತೊಡಗಿದಳು.

ಮಾಂತ್ರಿಕ ಸೊಂಟದವರೆಗೆ ನೀರಿನಲ್ಲಿ ಮುಳುಗಿದ. ಆದರೆ ದೋಣಿಯ ಅಂಚಿನಲ್ಲಿ ಕುಳಿತ ನೀರುಕಾಗೆ ಅವನ ಕಣ್ಣಿಗೆ ಬಿತ್ತು. ಅವನ ದನಿ ಬೆಣ್ಣೆಯಾಯಿತು. "ಮಗೂ, ಕೆಳಗೆ ಬರಬೇಕಾ? ನನ್ನನ್ನು ಕೇಳು. ಈ ಸಲ ಆಗಲಿ ಅನ್ನುತ್ತೇನೆ. ಒಂದು ಸಲ ಕೇಳು, ಸಾಕು."

ನೀರುಕಾಗೆ ಅವನ ಕಡೆ ತಿರುಗಿತು. ಕೊರಳು ಚಾಚಿತು. ಕೊಕ್ಕು ತೆರೆಯಿತು. ಅದರ ಬಾಯಲ್ಲಿ ಇದ್ದದ್ದು ಅದೊಂದೇ ಮಾತು.

ಮಂಕಾಳಿ ಮರಳಿನ ಪಕ್ಕದ ಹೊಂಡಕ್ಕೆ ಕೈ ಹಾಕಿದಳು. ಅಲೆಯೊಂದಿಗೆ ಬಂದು ಸಿಕ್ಕಿಕೊಂಡಿದ್ದ ಬಂಗಡೆ ಮೀನೊಂದನ್ನು ಹಿಡಿದು ಗುರಿಯಿಟ್ಟು ಎಸೆದಳು. ಮೀನು ಸೀದಾ ತೆರೆದ ಕೊಕ್ಕಿಗೆ ಬಿತ್ತು. ನೀರುಕಾಗೆ ಮೀನನ್ನು ನುಂಗಿತು. ಮೀನಿನ ಜೊತೆಗೆ ಮಾತನ್ನೂ ನುಂಗಿತು. ಇನ್ನೊಂದು ಮೀನು ಇದೆಯೇನೋ ಎಂಬ ಆಸೆಗೆ, ಯಾರನ್ನೂ ಏನನ್ನೂ ಕೇಳದೆ, ಮರಳಿಗೆ ಇಳಿಯಿತು.

ಇಳಿದವನು ಜಟ್ಟು. ಬಾಯಿಗೆ ಕೈ ಹಾಕಿ ಮುಳ್ಳು ತೆಗೆದ.

"ಥೂ! ಬೇಯಿಸಿ ಕೊಡಲಿಕ್ಕೆ ಏನಾಗಿತ್ತು ನಿನಗೆ, ಅಕ್ಕ?"

ಮಂಕಾಳಿ ಅತ್ತಳು, ಅವನ ತಲೆಗೊಂದು ಬಾರಿಸಿದಳು, ಮತ್ತೆ ಅತ್ತಳು.

ಮೊದಲ ಕುದುರಿನಲ್ಲಿ ಏಡಿ ಅಂಗೈಯಷ್ಟಾಯಿತು. ಎರಡನೆಯದರಲ್ಲಿ ಹಂದಿ ಬರೀ ಹಂದಿಯಾಯಿತು. ಬಂಡೆಗಳ ಮೇಲಿದ್ದ ನೀರುಕಾಗೆಗಳು, ಮಾತು ಪೂರ್ತಿ ಮರೆತವು ಕೂಡ, ಒಂದೊಂದಾಗಿ ಕೇಳದೆ ಇಳಿದು ಮನುಷ್ಯರಾದವು. ಮತ್ತೆ ಮನುಷ್ಯರಾಗುವುದಿಲ್ಲ ಎಂಬುದೂ ಘೋರಕಂಠನೇ ಹಬ್ಬಿಸಿದ ಮಾತಾಗಿತ್ತು. ಅವನೀಗ ನೆಗಡಿಯಾದ ಒಬ್ಬ ಮುದುಕ, ಅಷ್ಟೇ. ಮಂಕಾಳಿ ಅವನಿಗೆ ಬಡಿಸಲಿಲ್ಲ. ಬೇರೆ ಯಾರೋ ಬಡಿಸಿದರು. ಪಾತ್ರೆ ಅವನೇ ತೊಳೆದ.

ಕುದುರುಗಳನ್ನು ಬಿಡಿಸಿದ್ದು ತಾನೇ ಎಂದು ರಾಜ ಡಂಗುರ ಹೊಡೆಸಿದ. ಕೇಳಿಸಿಕೊಳ್ಳಲು ಊರಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಡೇರೆ ಹೊತ್ತು ಕುದುರಿಗೆ ಹೋಗಿದ್ದರು. ಅಲ್ಲಿ ಅವರು ಸುಖವಾಗಿ ಉಂಡರು, ಸುಖವಾಗಿ ಮಲಗಿದರು, ಬಹುಕಾಲ ಹಾಗೆಯೇ ಬಾಳಿದರು. ಮೊದಲ ರಾತ್ರಿ ಜಟ್ಟು ಮಾತ್ರ ಮಲಗಲಿಲ್ಲ. ಮರೆತಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿ ನೋಡುತ್ತ ಕುಳಿತಿದ್ದ. ಸಾಕು ಮಾಡು ಎಂದು ಮಂಕಾಳಿ ಒಂದು ಸಲವೂ ಹೇಳಲಿಲ್ಲ.