ಈಗ ಸೇನಾಪತಿಯ ಸರದಿ

"ದಾಳ ಬಿಡ್ರೀ ವಾಜಿದ್! ಈಗ ನನ್ನ ಸರದಿ!"

ಎಳೆದಾಟದಲ್ಲಿ ದಾಳ ಮೇಜಿನಂಚಿಗೆ ಉರುಳಿತು. ಹಿಡಿಯಲು ಹೋದ ಅಂಜಲಿಯ ಕೈಗೆ ಸಿಕ್ಕಿದ್ದು ಗುರುಕಿರಣನ ಕೈ!

ಅಬ್ಬಾ, ಅವಳ ಎದೆಬಡಿತವೇ...

2004ರ ಒಂದು ಭಾನುವಾರ, ಜೋಗುಪಾಳ್ಯದಲ್ಲಿ ಗುರುಕಿರಣನ ಬಾಡಿಗೆ ಕೋಣೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ; ಅಂಕಿ ದೊಡ್ಡದಾದಷ್ಟೂ ಗೆಲುವು. ಕಥೆ ನಡೆಸುವವನು ಗುರುಕಿರಣ. ವಾಜಿದ್ ಕಳ್ಳ, ಅವನ ತಂಗಿ ಜಹನಾರಾ ವೈದ್ಯೆ. ಗದಗದಿಂದ ಇಂದಿರಾನಗರದ ಆಫೀಸಿಗೆ ಬಂದು, ಅಂದೇ ಗುಂಪಿಗೆ ಸೇರಿದ ಅಂಜಲಿ ಸೇನಾಪತಿ.

ಬರಬರುತ್ತಾ ಅವಳಿಗೆ ಭಾನುವಾರವೇ ಜೀವವಾಯಿತು. ಆಟಕ್ಕಿಂತ ಕಥೆ ಹೇಳುವವನಿಗಾಗಿ... ಸುಳ್ಳೇಕೆ!

ಆದರೆ ಅವಳ ಸರದಿ ಬಂದಾಗಲೆಲ್ಲ ವಾಜಿದ್ ಬಾಯಿ ಹಾಕುತ್ತಿದ್ದ.

"ಸೇನಾಪತಿ ಮೇಡಂ, ನೀವು ಗೇಟ್ ಕಾಯ್ತಿರಿ. ಕೋಟೆ ನಾವ್ ನೋಡ್ಕೋತೀವಿ!"

ಜಹನಾರಾ ಕಿಸಕ್ಕನೆ ನಗುತ್ತಿದ್ದಳು. ಜಗಳವೇನಿದ್ದರೂ ಕಥೆ ನಡೆಸುವವನೇ ತೀರ್ಮಾನಿಸಬೇಕು, ಅದು ಗುಂಪಿನ ರೂಢಿ. ಒಂದು ದಿನ ಅಂಜಲಿ ಗುರುಕಿರಣನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

'ಇವರಿಗೆ ನಾನು ಲೆಕ್ಕಕ್ಕೇ ಇಲ್ಲ...' ಅವಳ ಕಣ್ಣು ತುಂಬಿತು. ಅಂದಿನಿಂದ ಅತ್ತ ಸುಳಿಯಲಿಲ್ಲ.

ಕೊನೆಗೆ ಜಹನಾರಾಳ ಫೋನ್ ಬಂತು. "ಗುರು ಆಟಾನೇ ನಿಲ್ಲಿಸ್ತಾನಂತೆ. ತಪ್ಪೆಲ್ಲಾ ನಂದೇ ಅಂತ ಕೂತಿದಾನೆ. ಬಾರೇ, ಪ್ಲೀಸ್!"

ಆಟೊ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಗುರುಕಿರಣ ದಾಳಗಳನ್ನು ಡಬ್ಬಿಗೆ ತುಂಬುತ್ತಿದ್ದ.

"ಸಾರಿ ಅಂಜಲಿ. ಎಲ್ಲಾ ನನ್ನದೇ ತಪ್ಪು."

ಸಿಟ್ಟಿಗೆ ಅವಳ ಬಾಯಲ್ಲಿ ಗದಗದ ಮಾತೇ ಬಂತು. "ಒಂದ ಕೈಲೆ ಚಪ್ಪಾಳಿ ಆಕ್ಕತೇನ್ರೀ? ಎಲ್ಲಾ ನೀವ ಹೊತ್ಕೊಂಡ್ರ ನಾವೇನ್ ಸಣ್ಣ ಹುಡುಗ್ರೇನು? ಬ್ಯಾಸರಾಗೇತಿ ಅಂತ ನಾನೂ ಬಾಯಿಬಿಟ್ಟು ಹೇಳಲಿಲ್ಲ. ಅದು ನನ್ನ ತಪ್ಪು!"



ವಾಜಿದ್ ಕತ್ತು ಕೆರೆದುಕೊಂಡ. "ಮಧ್ಯ ಬಾಯಿ ಹಾಕಿದ್ದು ನಾನು. ಮಾಫ್ ಮಾಡಿ. ಇನ್ಮೇಲೆ ನಿಮ್ಮ ಸರದಿ ನಿಮ್ಮದೇ."

"ನಾನು ನಕ್ಕಿದ್ದೂ ತಪ್ಪೇ," ಎಂದಳು ಜಹನಾರಾ. "ಅಣ್ಣನ ಬಾಯಿ ಮುಚ್ಚಿಸ್ಬೇಕಿತ್ತು. ಎಲ್ಲಾ ಗುರು ತಲೆಗೇ ಕಟ್ಟಿಬಿಟ್ವಿ."

ಡಬ್ಬಿ ಮತ್ತೆ ತೆರೆಯಿತು. ಸೇನಾಪತಿ ಕೋಟೆಗೆ ನುಗ್ಗಿದಳು! ದಾಳ ಉರುಳಿತು... ಇಪ್ಪತ್ತು!

"ಕೋಟೆ ನಮ್ದೇ!" ವಾಜಿದ್ ಕೂಗಿದ ಅಬ್ಬರಕ್ಕೆ ಕೆಳಮನೆಯ ಶೇಷಮ್ಮ ಸೂರಿಗೆ ಕೋಲಿನಿಂದ ಕುಟ್ಟಿದರು.

ಅಣ್ಣ ತಂಗಿ ಟೀ ತರಲು ಇಳಿದು ಹೋದರು. ಅಂಜಲಿ ಮೆಲ್ಲಗೆ ಕೇಳಿದಳು.

"ಅವತ್ತು ಯಾಕೆ ಸುಮ್ನಿದ್ರಿ?"

"ನಿಮ್ಮ ಪರ ಮಾತಾಡಿದ್ರೆ... ನನ್ನ ಮನಸ್ಸು ಎಲ್ರಿಗೂ ಗೊತ್ತಾಗ್ಬಿಡ್ತಿತ್ತು. ನೀವಂದ್ರೆ ನಂಗೆ ಪ್ರಾಣ, ಅಂಜಲಿ. ಇಷ್ಟು ದಿನ ಹೇಳದೇ ಇದ್ದಿದ್ದು ಮಾತ್ರ ಪೂರ್ತಿ ನನ್ನದೇ ತಪ್ಪು."

"ಪೂರ್ತಿ ಅಲ್ಲ, ಅರ್ಧ," ಎಂದು ಅವನ ಕೈ ಹಿಡಿದಳು.

"ಇನ್ನರ್ಧ?"

"ನಾನೂ ಹೇಳಲಿಲ್ವಲ್ಲ..."